ವರ್ಷಕ್ಕೆ ಹದಿನೇಳು

ಹದಿನಾಲ್ಕು ಮೀಟರ್ ಎಂಬತ್ತೇಳು ಸೆಂಟಿಮೀಟರ್. ಬಸ್ಸು ಇನ್ನೂ ಕಡಲಿನ ತಿರುವನ್ನು ಮುಟ್ಟಿರಲಿಲ್ಲ. ಅಳತೆ ಆಗಲೇ ನಮೂನೆಯ ಐದನೆಯ ಅಂಕಣದಲ್ಲಿ ಕುಳಿತಿತ್ತು. ಉಳಿದದ್ದು ಸಹಿ ಮಾತ್ರ. ಅದನ್ನು ಸ್ಥಳದಲ್ಲೇ ಹಾಕಬೇಕೆಂದು ನಿಯಮ. ಅವನು ನಿಯಮ ಮೀರುವವನಲ್ಲ.

ಪುರಾತನ ಕಟ್ಟಡಗಳ ಇಲಾಖೆಯಲ್ಲಿ ಅವನು ಅಳತೆಗಾರ. ಕಡಲೊಳಗೆ ಚಾಚಿದ ಬಂಡೆಯ ಮೇಲೆ ಒಂದು ಪಾಳುಕೋಟೆ. ಅದರ ಹೊರಗೋಡೆಯಲ್ಲಿ ಒಂದು ಹಿತ್ತಾಳೆಯ ಮೊಳೆ. ಆ ಮೊಳೆಯಿಂದ ಬಂಡೆಯ ಅಂಚಿನವರೆಗೆ ವರ್ಷಕ್ಕೊಮ್ಮೆ ಟೇಪು ಹಿಡಿದು, ಕಡಲು ಎಷ್ಟು ನೆಲವನ್ನು ಕೊರೆಯಿತೆಂದು ಬರೆಯಬೇಕು. ಅಳತೆ ಹದಿನೈದು ಮೀಟರಿಗಿಂತ ಇಳಿದರೆ, ಗೋಡೆಗೆ ಆತುಕೊಂಡಿರುವ ಕಾವಲುಮನೆಯನ್ನು ತೆರವು ಮಾಡಿಸಬೇಕು. ಈ ವರ್ಷ ಇಳಿದಿತ್ತು.

ಮೊದಲ ವರ್ಷ ಅವನು ಅಳೆದಿದ್ದ: ಹದಿನಾರು ಐವತ್ತೇಳು. ಎರಡನೆಯ ವರ್ಷವೂ ಅಳೆದಿದ್ದ: ಹದಿನಾರು ನಲವತ್ತು. ಆ ಸಲ ಅಂಚಿನಲ್ಲಿ ಮಂಡಿಯೂರಿದಾಗ ತಲೆ ಸುತ್ತಿತು. ಸುತ್ತಿದ್ದು ದೊಡ್ಡದಲ್ಲ. ತಾನು ಬಿದ್ದರೆ ಯಾರಿಗೆ ಏನು ಎಂಬ ಪ್ರಶ್ನೆ ಎದ್ದಿತು. ಉತ್ತರ ತಟ್ಟನೆ ಹೊಳೆಯಲಿಲ್ಲ. ಮೂರನೆಯ ವರ್ಷ ಗಾಳಿ ಜೋರಾಗಿತ್ತು. ಗೋಡೆಯ ಮರೆಯಲ್ಲಿ ಕುಳಿತು ಹಿಂದಿನ ಸಲದಂತೆಯೇ ಹದಿನೇಳು ಸೆಂಟಿಮೀಟರ್ ಕಳೆದು ಬರೆದ. ಅನಂತರ ಗಾಳಿಯ ನೆಪವೂ ಬೇಕಾಗಲಿಲ್ಲ.

ಅವನ ಅಂಕಿಗಳಿಂದ ಎಳೆದ ನಕ್ಷೆ ಕಚೇರಿಯ ಗೋಡೆಯ ಮೇಲಿತ್ತು: ಒಂದು ನೇರ ಗೆರೆ. “ಸಮುದ್ರಕ್ಕಿರೋ ಶಿಸ್ತು ನಮ್ಮ ಗುಮಾಸ್ತರಿಗಿಲ್ಲ ನೋಡ್ರಿ” ಎಂದು ಮೇಲಧಿಕಾರಿ ಬಂದವರಿಗೆಲ್ಲ ತೋರಿಸುತ್ತಿದ್ದರು. ಅದೇ ಶಿಸ್ತಿನಲ್ಲಿ ಕಾವಲುಮನೆಗಿಂತ ಅಂಚಿಗೆ ಹತ್ತಿರವಿದ್ದ ಮೂರು ಮನೆಗಳು, ತಮ್ಮ ತಮ್ಮ ಮಿತಿ ಬಂದಂತೆ, ಒಂದೊಂದಾಗಿ ತೆರವಾಗಿದ್ದವು. ಅವುಗಳ ಮೋಟುಗೋಡೆಗಳು ಈಗ ಕೋಟೆಯ ಪಾಳಿನಲ್ಲಿ ಬೆರೆತುಹೋಗಿದ್ದವು. ಪ್ರವಾಸಿಗರು ಅವುಗಳ ಫೋಟೋವನ್ನೂ ಭಕ್ತಿಯಿಂದ ತೆಗೆಯುತ್ತಿದ್ದರು.

ಬೆಳಿಗ್ಗೆ ಹೆಂಡತಿ ಕೇಳಿದ್ದಳು: “ಬೇಗ ಬರ್ತೀರಾ?”

“ನೋಡೋಣ.”

ಹತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಅವನು ಎಲ್ಲಿಗೆ, ಏಕೆ, ಯಾವ ಬಸ್ಸು ಎಂದೆಲ್ಲ ಹೇಳಿದ್ದ. ಅವರಿಬ್ಬರ ನಡುವೆಯೂ ವರ್ಷಕ್ಕೆ ಇಷ್ಟೆಂದು ಸವೆಯುತ್ತಿರಬೇಕು. ಅದಕ್ಕೆ ನಮೂನೆ ಇರಲಿಲ್ಲ.

ಬಸ್ಸು ನಿಂತಿತು. ಇಳಿದವರು ಮೂವರೇ: ಅವನು, ಮತ್ತು ಮಧ್ಯವಯಸ್ಸಿನ ಗಂಡಹೆಂಡತಿ. ಹೆಂಡತಿಯ ಕೈಯಲ್ಲಿ ನೋಡತಕ್ಕ ಸ್ಥಳಗಳ ಪಟ್ಟಿ. ಕಾಲುದಾರಿಯ ಮೊದಲ ಏರಿನಲ್ಲಿ, ಕಡಲು ಬಂಡೆಯನ್ನು ಒಳಗಿನಿಂದ ಕೊರೆದು ಮಾಡಿದ ಒಂದು ತೂತು. ಅಲೆ ನುಗ್ಗಿದಾಗ ಅದರಿಂದ ನೀರು ಬುಸುಗುಟ್ಟಿ ಮೇಲೇಳುತ್ತದೆಂದು ಪಟ್ಟಿ ಹೇಳುತ್ತಿತ್ತು. ಇಂದು ನೀರು ಇಳಿತದಲ್ಲಿತ್ತು. ತೂತು ಸುಮ್ಮನೆ ಬಾಯಿ ತೆರೆದುಕೊಂಡಿತ್ತು.

“ಬರೀ ಕಲ್ಲು” ಎಂದ ಗಂಡ.

“ನಿಮಗೆ ಏನು ತೋರಿಸಿದ್ರೂ ಬರೀ ಕಲ್ಲೇ.”

“ಕಲ್ಲು ತೋರಿಸಿ, ಇದು ಬೇರೆ ಏನಾದ್ರೂ ಅನ್ನು ಅಂದ್ರೆ ಹೇಗೆ?” ಅವನು ಅಳತೆಗಾರನ ಕಡೆ ತಿರುಗಿದ. “ನೀವು ಗೈಡಾ ಸಾರ್?”

“ಅಲ್ಲ. ಅಳತೆಯವನು.”

“ಏನನ್ನ ಅಳೀತೀರಿ?”

“ಎಷ್ಟು ಹೋಯಿತು ಅಂತ.”

“ಎಷ್ಟು ಉಳೀತು ಅಂತ ಅಳೆಯೋಕೆ ಬೇರೆ ಇಲಾಖೆನಾ?”

ಹೆಂಡತಿ ಗಂಡನ ತೋಳು ಜಗ್ಗಿದಳು. ಅಳತೆಗಾರ ನಕ್ಕಂತೆ ಮಾಡಿ ಮುಂದೆ ನಡೆದ.

ಕೋಟೆಯ ಬಾಗಿಲಿಗೆ ಬಾಗಿಲು ಇರಲಿಲ್ಲ, ಎರಡು ಕಂಬಗಳಿದ್ದವು. ಮುರಿದ ಮೆಟ್ಟಿಲುಗಳು ಏಳಕ್ಕೆ ಮುಗಿದು ಆಕಾಶದಲ್ಲಿ ನಿಂತಿದ್ದವು. ಕಾವಲುಮನೆಯ ಮುಂದೆ ಸುತ್ತಿಕಟ್ಟಿದ ಹಾಸಿಗೆ, ಎರಡು ತಗಡಿನ ಪೆಟ್ಟಿಗೆ, ಕಾಲು ಮೇಲೆ ಮಾಡಿಟ್ಟ ಮೇಜು. ಕಾವಲಿನವಳು ಹೊಸ್ತಿಲಲ್ಲಿ ಕುಳಿತು ಬೀಗದ ಕೈಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಅವಳಿಗೆ ಐವತ್ತೈದು ದಾಟಿತ್ತು. ಅವಳಿಗಿಂತ ಮೊದಲು ಅವಳ ತಂದೆ ಇಲ್ಲಿ ಕಾವಲಿದ್ದ.

“ಬನ್ನಿ ಸಾರ್. ಎರಡು ಲೋಟ ಕಟ್ಟದೆ ಬಿಟ್ಟಿದೀನಿ, ನಿಮಗೆ ಅಂತಲೇ.”

“ಆದೇಶ ಇನ್ನೂ ಬಂದಿಲ್ಲವಲ್ಲ.”

“ಆದೇಶ ಯಾಕೆ? ನಂಗೆ ಕಳೆಯೋ ಲೆಕ್ಕ ಬರುತ್ತೆ. ಹೋದ ವರ್ಷ ಹದಿನೈದು ಮೀಟರಿನ ಮೇಲೆ ನಾಲ್ಕೇ ಸೆಂಟಿಮೀಟರ್ ಅಂದಿದ್ರಿ. ಅದ್ರಲ್ಲಿ ಹದಿನೇಳು ಹೋದ್ರೆ ನಾನು ಎಲ್ಲಿರ್ತೀನಿ?”

ಅವನು ಲೋಟ ತೆಗೆದುಕೊಂಡ. ಚಹಾ ಬಿಸಿಯಾಗಿತ್ತು. “ಎಲ್ಲಿಗೆ ಹೋಗ್ತೀರಿ?”

“ಅಣ್ಣನ ಮನೆಗೆ. ಆ ಕೊನೇ ಮನೆ ಅವನದೇ ಇತ್ತಲ್ಲ. ಈಗ ಊರೊಳಗೆ ಮೂರನೇ ಮಹಡಿ. ಗಾಳಿ ಬರ್ಲಿ ಅಂತ ಕಿಟಕಿ ತೆಗೆದ್ರೆ ಗಾಳಿ ಬದಲು ಪಕ್ಕದ ಮನೆ ಬರುತ್ತಂತೆ. ಅತ್ತಿಗೆ ಮುಚ್ಚು ಅಂತಾಳೆ, ಇವನು ತೆಗಿ ಅಂತಾನೆ. ಇನ್ನು ಮೇಲೆ ನಾನೂ ಇರ್ತೀನಿ, ತೀರ್ಪು ಹೇಳೋಕೆ.” ನಕ್ಕಳು. ನಗು ಅರ್ಧಕ್ಕೇ ಸುಸ್ತಾಯಿತು. “ಅವನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಸಾರ್. ಅಳತೆ ಮೇಲೆ ಯಾರಾದ್ರೂ ಸಿಟ್ಟು ಮಾಡ್ತಾರಾ ಅಂದ.”

ಅವನು ನಮೂನೆಯನ್ನು ತೊಡೆಯ ಮೇಲೆ ಹರಡಿ ಪೆನ್ನಿನ ಮುಚ್ಚಳ ತೆಗೆದ.

“ಅಳೆಯಲ್ವಾ?”

“ಗಾಳಿ ಇದೆ.”

“ಇದು ಗಾಳೀನಾ! ಕೊಡಿ ಇತ್ಲಾಗೆ.” ಅವಳು ಅವನ ಚೀಲದಿಂದ ತಾನೇ ಟೇಪನ್ನು ತೆಗೆದಳು. “ಒಂದು ಸಲ ನಾನೇ ಹಿಡಿದು ನೋಡ್ಬೇಕು ಅಂತ ಆಸೆ. ಮನೆ ಬಿಡೋದೇನೋ ಬಿಡ್ತೀನಿ. ಎಷ್ಟಕ್ಕೆ ಬಿಟ್ಟೆ ಅಂತ ಗೊತ್ತಿರ್ಬೇಕಲ್ವಾ?”

ತಡೆಯಲು ಕಾರಣ ಹೊಳೆಯಲಿಲ್ಲ. ಅವಳು ಟೇಪಿನ ತುದಿ ಹಿಡಿದು ಅಂಚಿನತ್ತ ನಡೆದಳು. ಅವನು ಮೊಳೆಯ ಬಳಿ ಸುರುಳಿ ಹಿಡಿದು ನಿಂತ. ಟೇಪು ಹುಲ್ಲಿನ ಮೇಲೆ ಸರಸರನೆ ಹರಿಯಿತು. ಹದಿಮೂರು ದಾಟಿತು. ಹದಿನಾಲ್ಕು. ಎಂಬತ್ತೇಳಕ್ಕೆ ನಿಲ್ಲುವುದೆಂದು ಅವನು ನಿಜವಾಗಿಯೂ ಕಾದ. ನಿಲ್ಲಲಿಲ್ಲ. ಹದಿನೈದು ಹೋಯಿತು. ಹದಿನಾರು ಹೋಯಿತು.

ಅವಳು ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದಳು. “ಆಯ್ತು!”

ಹದಿನಾರು ನಲವತ್ತು.

ಟೇಪನ್ನು ಬಿಗಿಯಾಗಿ ಎಳೆದು ಮತ್ತೆ ಓದಿದ. ಹದಿನಾರು ನಲವತ್ತು. ಒಂಬತ್ತು ವರ್ಷಗಳಿಂದ ಕಡಲು ಏನನ್ನೂ ಮುಟ್ಟಿರಲಿಲ್ಲ. ಒಂಬತ್ತು ಗುಣಿಸು ಹದಿನೇಳು, ನೂರ ಐವತ್ತಮೂರು. ಆ ಒಂದೂವರೆ ಮೀಟರ್ ನೆಲವನ್ನು ತಿಂದವನು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಮೂರು ಮನೆ. ಅಣ್ಣ. ಕಿಟಕಿ. ಇದನ್ನು ಬರೆದರೆ ಹಿಂದಿನ ಎಂಟು ನಮೂನೆಗಳು ಎದ್ದು ನಿಂತು ಸಾಕ್ಷಿ ಹೇಳುತ್ತವೆ. ಬರೆಯದಿದ್ದರೆ ಒಂದು ಹಾಸಿಗೆ ಮಹಡಿ ಹತ್ತುತ್ತದೆ. ಅಷ್ಟೇ.

“ಎಷ್ಟು ಸಾರ್?”

ನಾಚಿಕೆಗಾಗಿ ಕಾದ. ಬಂದದ್ದು ಆಯಾಸ.

“ಸ್ವಲ್ಪ ಈಚೆ ಬನ್ನಿ” ಎಂದ. ಧ್ವನಿ ಕಚೇರಿಯದಾಗಿತ್ತು.

ಅವಳು ಕುಳಿತಲ್ಲಿಂದಲೇ ಒಂದು ಹೆಜ್ಜೆ ಜರುಗಿದಳು. ಹದಿನೈದು ಎಂಬತ್ತು.

“ಇನ್ನೂ.”

“ಅಂಚು ಇಲ್ಲಿಲ್ವಾ ಸಾರ್?”

“ಅದು ಪೊಳ್ಳು. ಕೆಳಗೆ ಕೊರೆದಿರುತ್ತೆ. ಅದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ.”

“ಓ.” ಅವಳು ಇನ್ನೊಂದು ಹೆಜ್ಜೆ ಸರಿದಳು. ಮತ್ತೆ ಒಂದು ಗೇಣು. ಟೇಪಿನ ನಡು ಸಡಿಲವಾಗಿ ಜೋತುಬಿತ್ತು, ಅವನು ಸುತ್ತಿ ಬಿಗಿ ಮಾಡಿದ. ಎಂಬತ್ತೇಳು.

“ಅಲ್ಲೇ.”

ಅವಳು ಆ ಜಾಗದಲ್ಲಿ ಒಂದು ಕಲ್ಲಿಟ್ಟಳು. “ಹೇಳಿ.”

“ಹದಿನಾಲ್ಕು ಎಂಬತ್ತೇಳು.”

ಬೆರಳಿನಲ್ಲಿ ಎಣಿಸಿದಳು. “ಸರಿಯಾಗಿ ಹದಿನೇಳು” ಎಂದಳು, ಬಹುಮಟ್ಟಿಗೆ ಸಮಾಧಾನದಿಂದ. “ಒಂದು ಕೂದಲು ಆಚೆ ಈಚೆ ಇಲ್ಲ. ಅಣ್ಣನಿಗೆ ಹೇಳ್ತೀನಿ, ನಾನೇ ಹಿಡಿದು ನೋಡಿದೆ ಅಂತ.”

ಅವನು ಟೇಪು ಸುತ್ತುತ್ತ ಅವಳವರೆಗೆ ಬಂದ. ನಮೂನೆ ಕಂಕುಳಲ್ಲಿ ಪಟಪಟಿಸುತ್ತಿತ್ತು. ಸಹಿಯ ಜಾಗ ಖಾಲಿ. ಹೇಳಬಹುದಾದ ವಾಕ್ಯ ಗಂಟಲಲ್ಲಿ ಪೂರ್ಣವಾಗಿಯೇ ಇತ್ತು, ಕರ್ತೃ ಕರ್ಮ ಕ್ರಿಯಾಪದ ಸಮೇತ. ಅದಕ್ಕೆ ಬಾಯಿ ಮಾತ್ರ ಬೇಕಿತ್ತು.

ಅವಳು ಕಲ್ಲನ್ನು ದಾಟಿ ಮತ್ತೆ ಅಂಚಿಗೆ ಹೋದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾಲು ಇಳಿಬಿಟ್ಟು ಕುಳಿತಳು.

“ಬನ್ನಿ ಸಾರ್, ಇಲ್ಲಿ ಕೂತ್ರೇನೇ ಕಲ್ಲಿನ ಕಮಾನು ಪೂರ್ತಿ ಕಾಣೋದು. ಸಮುದ್ರವೇ ಕೆತ್ತಿದ್ದು. ನೋಡೇ ಇಲ್ವಲ್ಲ ನೀವು?”

“ಅಲ್ಲಿ ಪೊಳ್ಳು ಅಂದೆನಲ್ಲ.”

“ಪೊಳ್ಳಾದ್ರೆ ಪೊಳ್ಳು. ಐವತ್ತು ವರ್ಷ ಕೂತಿದೀನಿ, ಇವತ್ತೊಂದು ದಿನ ಹೊರಲ್ವಾ?” ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದಳು. ಗಟ್ಟಿ ನೆಲ, ಸದ್ದೇ ಬರಲಿಲ್ಲ.

ಅವನು ಕಲ್ಲಿನವರೆಗೆ ಹೋದ. ಕಾಲು ಅಲ್ಲಿಗೆ ನಿಂತಿತು. ಅಲ್ಲಿಂದ ಕಮಾನಿನ ಒಂದು ಬದಿ ಮಾತ್ರ ಕಾಣುತ್ತಿತ್ತು: ನೀರಿನಿಂದ ಎದ್ದ ಬಂಡೆ ಮೇಲೇರಿ, ಬಾಗಿ, ಏನನ್ನೂ ತಲುಪದೆ ಗಾಳಿಯಲ್ಲಿ ಮುಗಿದಿತ್ತು. ಅದರ ಈಚೆಗೆ, ಕಡತದಲ್ಲಿ ಎಂದೋ ಕಡಲಾಗಿದ್ದ ನೆಲದ ಮೇಲೆ, ಅವಳು ಕಾಲಾಡಿಸುತ್ತ ಕುಳಿತು, ಅವನಿಗಾಗಿ ಸ್ವಲ್ಪ ಜಾಗ ಬಿಟ್ಟು ಸರಿದುಕೊಂಡಳು.