ಫರಸಿಯ ಕೆಳಗಿನ ಪಾಯ

ಮನೆ ಕಟ್ಟಿಸುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಕೊಲ್ಹಾಪುರದ ಈ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ನಕಾಶೆ ತೆಗೆಯುತ್ತಿದ್ದೇನೆ. ಒಬ್ಬರಾದರೂ ತಮಗೇನು ಬೇಕೆಂದು ಒಂದೇ ಸಲಕ್ಕೆ ಬಾಯಿಬಿಟ್ಟು ಹೇಳಿದವರಿಲ್ಲ. ಎಲ್ಲ ಮುಗಿದ ಮೇಲೆ ಹೆಂಡತಿಯನ್ನು ಕರೆತಂದು, ಅಡಿಗೆಮನೆ ಎತ್ತಿ ಆ ಕಡೆ ಇಡಿ ಎನ್ನುತ್ತಾರೆ. ಹಾಗಾಗಿ ಗಡಹಿಂಗ್ಲಜದ ಜಿನಗೊಂಡ ಕಾಕಾ ಮೊದಲ ದಿನವೇ ಸ್ಪಷ್ಟವಾಗಿ ಹೇಳಿದಾಗ ನನಗೆ ಆಶ್ಚರ್ಯವಾಯಿತು.

"ನೋಡವ್ವಾ ಸೋನಲ, ಪಾಯಾ ಈಗ ಎರಡ ಮನೀಗೆ ಹಾಕೂದು. ಗ್ವಾಡಿ ನಂದಷ್ಟ ಏಳಲಿ. ಇನ್ನೊಂದು ನನ್ನ ತಮ್ಮ ಬಸಗೊಂಡಂದು. ಅಂವ ಬಂದಾಗ ಕಟ್ಟಿಕೊಳ್ಳಲಿ."

"ಯಾವಾಗ ಬರ್ತಾರ್ರಿ?"

"ಅದ ಗೊತ್ತಿಲ್ಲ. ಮಾತ ಬಿಟ್ಟು ಹನ್ನೊಂದ ವರ್ಷ ಆತು."

ಅವರ ತಾಯಿ ತೀರಿಕೊಂಡ ದಿನ ಬಸಗೊಂಡ ಇಚಲಕರಂಜಿಯಲ್ಲಿ ತಮ್ಮ ಮಗ್ಗದ ಶೆಡ್ಡಿನಲ್ಲಿದ್ದರು. ಆ ಸದ್ದಿನಲ್ಲಿ ಫೋನು ಕೇಳಿಸಲಿಲ್ಲ. ಜೈನರಲ್ಲಿ ಹೆಣ ಇಟ್ಟುಕೊಂಡು ಕೂರುವುದಿಲ್ಲ. ಹೊತ್ತು ಮುಳುಗುವ ಮೊದಲೇ ಆಗಬೇಕೆಂದು ಹಿರಿಯರು ಅವಸರ ಮಾಡಿದರು, ಕಾಕಾ ಬೆಂಕಿ ಕೊಟ್ಟರು. ತಮ್ಮ ಬಂದು ಮುಟ್ಟಿದಾಗ ನೋಡಲು ತಾಯಿಯ ಮುಖ ಉಳಿದಿರಲಿಲ್ಲ. "ಒಂದ ತಾಸ ತಡೀಬೇಕಿತ್ತು ನಾ," ಅಂದರು ಕಾಕಾ. ಹನ್ನೊಂದು ವರ್ಷದಿಂದ ಆ ಒಂದು ತಾಸನ್ನೇ ಮೆಲುಕು ಹಾಕುತ್ತಿದ್ದಾರೆ ಪಾಪ.

ಜಾಗ ಇಬ್ಬರ ಹೆಸರಿನಲ್ಲಿತ್ತು. ಪರವಾನಗಿ ಅರ್ಜಿಯ ನಕಾಶೆಗೆ ತಮ್ಮನ ಸಹಿಯೂ ಬೇಕು.

"ಸಹಿ ಮಾಡಾಕ ಅಂವ ಇಲ್ಲಿಗೇ ಬರ್ತಾನ," ಅಂದರು ಕಾಕಾ. "ಪಾಯಾದ್ದು ನಾ ಏನೂ ಹೇಳಿ ಕಳ್ಸೂದಿಲ್ಲ, ನೀನೂ ಹೇಳಬ್ಯಾಡ. ಬಾಯಿಲೆ ಹೇಳಿದ್ರ ಅಂವ ಬ್ಯಾಡ ಅಂತಾನ, ಅವನ ಸ್ವಭಾವ ನನಗ ಗೊತ್ತೈತಿ. ನಕಾಶೆದಾಗ ಅವನ ಪಾಯಾ ಅವನ ಕಣ್ಣೀಗೆ ಬೀಳಲಿ. ಅಷ್ಟ ಸಾಕು."

ನನಗೆ ಒಡಹುಟ್ಟಿದವರಿಲ್ಲ. ಇದನ್ನು ಕೇಳಿ ಹೊಟ್ಟೆಕಿಚ್ಚೂ ಆಯಿತು, ಸಿಟ್ಟೂ ಬಂತು. ಫೋನು ಮಾಡಿ ನಾಲ್ಕು ಮಾತಾಡುವುದಕ್ಕೆ ಇಷ್ಟು ಕಾಂಕ್ರೀಟು ಸುರಿಯಬೇಕೇ? ಆದರೂ ಮನಸ್ಸಿಟ್ಟು ಮಾಡಿದೆ. ಕಂಪ್ಯೂಟರಿನಲ್ಲಿ ಎರಡೂ ಮನೆಯ ಪಾಯವನ್ನು ಒಂದೊಂದಾಗಿ ನೆಲದೊಳಗೆ ಇಳಿಸಿದೆ. ಕಾಕಾ ಮೂರು ಸಲ ಎಸ್‌ಟಿ ಬಸ್ಸು ಹತ್ತಿ ಬಂದು ನೋಡಿದರು. ತಮ್ಮ ಸ್ವಂತ ಮನೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಅವನ ಪಡಸಾಲಿ ಇನ್ನಷ್ಟ ದೊಡ್ಡದ ಮಾಡು. ಬಸ್ಯಾಗ ಗಾಳಿ ಬೇಕ. ಸಣ್ಣಾಂವ ಇದ್ದಾಗಿಂದ ಬಾಗಲದಾಗ ತಲಿ ಇಟ್ಟ ಮಲಗಾಂವ," ಎನ್ನುತ್ತ ಪರದೆಯ ಮೇಲೆ ಬೆರಳಿಡುತ್ತಿದ್ದರು. ಐವತ್ತೈದು ದಾಟಿದ ಮನುಷ್ಯನಿಗೆ ಬಸ್ಯಾ!

ಮೂರನೆಯ ಸಲ ಬಂದಾಗ ಒಂದು ಮಾತು ಸೇರಿಸಿದರು. "ಅಂವ ಕಟ್ಟೂತನಕ ಅದರ ಮ್ಯಾಲ ಫರಸಿ ಹಾಸೂನು. ಅವನ ಜಾಗಾ ಹಾಳ ಬಿದ್ದಂಗ ಕಾಣೂದು ನನಗ ಸೇರೂದಿಲ್ಲ." ನಾನು ನಕಾಶೆಯಲ್ಲಿ ಅಲ್ಲಿಗೆ ಫರಸಿ ಕಲ್ಲು ಹಾಸಿ, ಪ್ರಿಂಟು ತೆಗೆದು, ಸುರುಳಿ ಸುತ್ತಿ ಇಟ್ಟೆ.

ಸಹಿಗೆ ಬರಬೇಕೆಂದಷ್ಟೇ ಆಫೀಸಿನಿಂದ ಫೋನು ಹೋಗಿತ್ತು, ಎರಡು ದಿನದ ಮೇಲೆ ಬಸಗೊಂಡ ಬಂದರು. ಅಂಗಿಯ ತೋಳಿಗೆ ನೂಲಿನ ಎಳೆ ಅಂಟಿತ್ತು. ನಕಾಶೆ ಬಿಚ್ಚಿ ಮುಂದಿಟ್ಟೆ. ಅಣ್ಣನ ಮನೆಯ ಮೇಲೆ ಬೆರಳಾಡಿಸಿ, ಪಕ್ಕದ ಜಾಗಕ್ಕೆ ತಂದು ನಿಲ್ಲಿಸಿದರು.

"ಅಂಗಳ ಭಾಳ ದೊಡ್ಡದ ಬಿಟ್ಟಾನ," ಅಂದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ಹಲ್ಲುಕಿರಿದೆ.

"ಮತ್ತೇನರ ತೋರ್ಸೂದು ಐತೇನ್ರಿ?"

"ಇಲ್ರಿ, ಎಲ್ಲಾ ಅದರಾಗ ಐತಿ."

ಅವರು ಇನ್ನೊಮ್ಮೆ ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. ಸಹಿ ಹಾಕಿದರು. ಚಹಾ ಬೇಡವೆಂದು ಎದ್ದುಹೋದರು.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಕಾಕಾ ಬಾಗಿಲಲ್ಲಿ ನಿಂತಿದ್ದರು. "ಏನಂದ?"

"ಅಂಗಳ ದೊಡ್ಡದ ಬಿಟ್ಟಾನ ಅಂದ್ರು."

"ಪಾಯಾದ್ದು?"

"ಏನೂ ಅನಲಿಲ್ರಿ."

ಸಹಿಯ ಮೇಲೆ ಮೆಲ್ಲಗೆ ಕೈಯಾಡಿಸಿದರು. ತಮ್ಮನ ಅಕ್ಷರವನ್ನು ಎಷ್ಟೋ ವರ್ಷದ ಮೇಲೆ ನೋಡುತ್ತಿದ್ದರು.

"ಆತು ಬಿಡವ್ವಾ," ಅಂದರು ಕೊನೆಗೆ. "ಅವಗ ಬ್ಯಾಡಾಗೇತಿ. ಆ ಪಾಯಾ ತಗದ ಬಿಡು. ನಂದಷ್ಟ ಇರ್ಲಿ."

ತೆಗೆಯೋಣವೆಂದು ನಕಾಶೆಯ ಹಾಳೆ ತೆರೆದೆ. ತೆಗೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮೇಲೆ ಹಾಸಿದ ಫರಸಿ ಅಷ್ಟೂ ಪಾಯವನ್ನು ಮುಚ್ಚಿ ಕೂತಿತ್ತು. ನಾನು ಫರಸಿ ಹಾಸಿದ್ದು ಹೌದು. ಕೆಳಗಿನದನ್ನು ತುಂಡುಗೆರೆಯಲ್ಲಿ ತೋರಿಸು ಎಂದು ಸಾಫ್ಟ್‌ವೇರಿಗೆ ಹೇಳಿರಲಿಲ್ಲ. ಹೇಳದಿದ್ದರೆ ಅದು ತೋರಿಸುವುದಿಲ್ಲ. ಹದಿನಾಲ್ಕು ವರ್ಷದ ಅನುಭವದವಳು ಹೊಸಬರೂ ಮಾಡದ ತಪ್ಪು ಮಾಡಿದ್ದೆ. ಸುತ್ತಿಡುವ ಮೊದಲು ಪ್ರಿಂಟನ್ನು ನೋಡಿರಲಿಲ್ಲ, ಬಸಗೊಂಡರ ಮುಂದೆ ಬಿಚ್ಚಿದಾಗಲೂ ಅವರ ಮುಖವನ್ನೇ ನೋಡುತ್ತಿದ್ದೆ. ಬಸಗೊಂಡರಿಗೆ ಕಂಡದ್ದು ಅಣ್ಣನ ಮನೆ, ಮತ್ತು ತಮಗೆ ಜಾಗವಿಲ್ಲದ ಒಂದು ಅಂಗಳ. ಮತ್ತೇನಾದರೂ ಇದೆಯೇ ಎಂದು ಅವರು ಕೇಳಿದ್ದರು, ಇಲ್ಲ ಎಂದವಳು ನಾನು.

"ಕಾಕಾ, ತಪ್ಪ ನಂದರಿ," ಅಂದೆ. "ಅವರಿಗೆ ಪಾಯಾ ಕಂಡಿಲ್ಲ. ನನಗ ಮಧ್ಯಾಹ್ನತನ ಟೈಮ್ ಕೊಡ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಂಡಿಲ್ಲನ? ಖರೇನ ಕಂಡಿಲ್ಲನ?" ಎಂದು ಎರಡೆರಡು ಸಲ ಕೇಳಿದರು.

ಮೊದಲು ಫರಸಿಯನ್ನು ಕ್ಲಿಕ್ ಮಾಡಬೇಕು, ಆಮೇಲೆ ಅದರ ಕೆಳಗಿನ ಪಾಯವನ್ನು. ಒಂದೊಂದಕ್ಕೂ ಹಾಗೆಯೇ. ತುಂಡುಗೆರೆಗಳು ಒಂದೊಂದಾಗಿ ಮೂಡಿದವು, ಪಡಸಾಲೆ, ಎರಡು ಖೋಲಿ, ಅಡಿಗೆಮನೆ. ಹಿಂದೆ ನಿಂತ ಕಾಕಾ ಒಂದೊಂದನ್ನೂ ಬೆರಳಲ್ಲಿ ಎಣಿಸಿದರು. ಪ್ರಿಂಟು ತೆಗೆದು, ಈ ಸಲ ಬಿಚ್ಚಿ ನೋಡಿ, ಸ್ಕೂಟಿ ಹತ್ತಿ ಇಚಲಕರಂಜಿಯ ದಾರಿ ಹಿಡಿದೆ. ಬರುತ್ತೀರಾ ಅಂದರೆ ಕಾಕಾ ಒಲ್ಲೆ ಅಂದರು. ಇನ್ನೊಮ್ಮೆ ಬೇಡ ಅನ್ನಿಸಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಬಸಗೊಂಡ ನನ್ನನ್ನು ಶೆಡ್ಡಿನ ಹೊರಗೆ ಚಹಾದಂಗಡಿಯ ಬಾಕಿನ ಮೇಲೆ ಕೂರಿಸಿದರು. "ಇನ್ನೂ ಒಂದ ಸಹಿ ಬೇಕಾತೇನು?" ಎಂದು ಕೇಳಿದರು, ಮುಖ ಗಂಟು ಹಾಕಿಕೊಂಡೇ.

"ಸಹಿ ಅಲ್ರಿ. ನಿನ್ನೆ ನಾ ನಿಮಗ ಅರ್ಧಾ ನಕಾಶೆ ತೋರ್ಸೇನಿ."

ಹಾಳೆ ಬಿಚ್ಚಿದೆ. ಅವರು ಬಗ್ಗಿದರು. "ಈ ತುಂಡ ಗೆರಿ ಏನ್ರಿ?"

"ಫರಸಿ ಕೆಳಗಿನ ಪಾಯಾ. ನಿಮ್ಮ ಮನೀದು. ಅಣ್ಣಾವರು ತಮ್ಮ ಮನೀ ಜೋಡೀನ ಹಾಕ್ಸಾಕತ್ತಾರ. ನೀವು ಬಂದಾಗ ಕಟ್ಟಿಕೊಳ್ಳಲಿ ಅಂದಾರ."

ಬಸಗೊಂಡರ ಬೆರಳು ಗೆರೆಯ ಗುಂಟ ಹೊರಟು, ಪಡಸಾಲೆಯನ್ನು ಸುತ್ತಿ, ಖೋಲಿ ಖೋಲಿಗೆ ಹೊಕ್ಕು ಬಂತು. ಚಹಾ ಆರಿ ಕೆನೆಗಟ್ಟಿತು. ಕೊನೆಗೆ ಬೆರಳು ಅಣ್ಣನ ಗೋಡೆಗೂ ತಮ್ಮ ಪಾಯಕ್ಕೂ ನಡುವೆ ನಿಂತಿತು.

"ಇಲ್ಲೇನ ಇದು, ನಾಕ ಫೂಟ ಖಾಲಿ?"

"ಸಂದಿ ಬಿಟ್ಟೈತ್ರಿ. ಗ್ವಾಡೀಗೆ ಗ್ವಾಡಿ ಹಚ್ಚಿದ್ರ ನಿಮಗ ಸೇರ್ತೈತೋ ಇಲ್ಲೋ ಅಂತ ಅಣ್ಣಾವರ ಬಿಡ್ಸ್ಯಾರ."

ಅವರು ಕಣ್ಣೊರೆಸಿಕೊಂಡರು, ಅದನ್ನು ಮರೆಮಾಡಲೂ ಇಲ್ಲ. "ಫೋನ ಹಚ್ಚಿ ಕೊಡ್ರಿ ಇಲ್ಲೆ," ಎಂದು ಕೈ ಚಾಚಿದರು.

ಕಾಕಾರ ನಂಬರು ಹಚ್ಚಿ ಕೊಟ್ಟೆ. ಆ ಕಡೆ ಎತ್ತಿದ್ದೇ ತಡ, ಹನ್ನೊಂದು ವರ್ಷದ ಮೇಲೆ ಬಸಗೊಂಡ ಆಡಿದ ಮೊದಲ ಮಾತು ಇಷ್ಟೇ:

"ಅಣ್ಣಾ, ನಮ್ಮಿಬ್ಬರ ನಡುವ ಒಂದ ಗ್ವಾಡಿ ಸಾಕಲ್ಲೋ, ಎರಡ ಯಾಕ?"