ಅಡಿವೆಪ್ಪನ ಬೆನ್ನಿನ ಮಣ್ಣು

ಅಡಿವೆಪ್ಪನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವನ ಬೆನ್ನು, ಮುಖ ಆಮೇಲೆ. ಗರಡಿಯಿಂದ ಬಂದು ಹಿತ್ತಿಲ ಕಲ್ಲಿನ ಮೇಲೆ ಕೂತನೆಂದರೆ ಎದೆ, ತೋಳು, ಮೊಣಕಾಲು ಎಲ್ಲ ಕೆಂಪು ಮಣ್ಣು. ಬೆನ್ನು ಮಾತ್ರ ಒಗೆದ ಬಟ್ಟೆಯಂತೆ ಚೊಕ್ಕಟ. ಅವನ ತಾಯಿ ಗುರುಬಸವ್ವ ಬಿಸಿನೀರು ತಂದಿಟ್ಟು, ಪಕ್ಕದಲ್ಲಿ ಕೂತ ನನ್ನ ಬೆನ್ನು ನೋಡಿ ನಗುತ್ತಿದ್ದಳು.

“ನನ್ನ ಮಗನ ಬೆನ್ನು ತಿಕ್ಕೂ ಕೆಲಸಾನ ಇಲ್ಲ ನೋಡು. ನಿನ್ನ ಬೆನ್ನಾಗ ಜ್ವಾಳ ಬಿತ್ತಬಹುದು, ತಮ್ಮಾ.”

ಅದು ನಿಜವೇ. ಗರಡಿಯಲ್ಲಿ ನಾನು ಅವನ ಜೋಡಿ. ಅಂದರೆ, ಅವನು ಹೊಸ ಪಟ್ಟು ಕಲಿಯುವಾಗ ಬೀಳಬೇಕಾದವನು. ಹನ್ನೊಂದು ವರ್ಷ ದಿನಕ್ಕೆ ಹತ್ತಾರು ಸಲ ಬಿದ್ದಿದ್ದೇನೆ. ಬೀಳುವ ಮುಂಚೆ ಅವನ ಕೈ ನನ್ನ ತಲೆಯ ಕೆಳಗೆ ಬಂದಿರುತ್ತಿತ್ತು. ಅದಕ್ಕೇ ಬೀಳಲು ನನಗೆ ಎಂದೂ ಭಯವಾಗಲಿಲ್ಲ. ಯುಗಾದಿಯ ಕುಸ್ತಿಯಲ್ಲಿ ಗೆದ್ದವನಿಗೆ ಕೊಡುವ ಊರಿನ ಗದೆ ಮೂರು ವರ್ಷದಿಂದ ಅವನ ಮನೆಯ ಮೂಲೆಯಲ್ಲೇ ಇತ್ತು. ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಪೈಲ್ವಾನ ಎಂದು ಜನ ಅವನನ್ನು ಕರೆಯುತ್ತಿದ್ದರು.

ಅವನಿಗೆ ಇಪ್ಪತ್ತೈದಾದ ವರ್ಷ, ಒಂದು ಮುಂಜಾನೆ ಸಾಮು ಮಾಡುವಾಗ ನನ್ನನ್ನು ಸೊಂಟದವರೆಗೆ ಎತ್ತಿದವನು ಮೆಲ್ಲಗೆ ಕೆಳಗಿಳಿಸಿಬಿಟ್ಟ. ಗೋಡೆಗೆ ಒರಗಿ ಕೂತ. ತುಟಿ ನೀಲಿಗಟ್ಟಿತ್ತು.

“ಡಾಕ್ಟರಿಗೆ ತೋರಿಸೀನಿ. ಹೃದಯ ದೊಡ್ಡದಾಗೇತಂತ,” ಎಂದ. ಆಮೇಲೆ ನಕ್ಕ. “ನಾ ದೊಡ್ಡ ಮನಸ್ಸಿನವ ಅಂತ ನಿಮಗ್ಯಾರಿಗೂ ತಿಳೀಲಿಲ್ಲ. ಅವ ಕಾಗದದಾಗ ಬರದುಕೊಟ್ಟ.”

“ಕುಸ್ತಿ?”

“ಇನ್ನೊಂದು ದೊಡ್ಡ ಕುಸ್ತಿ ಆಡಿದ್ರ ಕಣದಾಗ ಹೋಗ್ತಿ ಅಂದ.”

“ಹಂಗಾದ್ರ ಗದೆ ತಿರುಗಿ ಕೊಡು.”

“ಕಣದಾಗ ಬೀಳದನ ಗದೆ ತಿರುಗಿ ಕೊಟ್ರ ಯಾಕ ಅಂತ ಕೇಳ್ತಾರ. ಅವ್ವಗ ಗೊತ್ತಾಗ್ತೈತಿ. ಅಪ್ಪ ಹಿಂಗ ಎದಿ ಹಿಡಕೊಂಡು ಹ್ವಾದ. ಮತ್ತೊಮ್ಮೆ ಅಕಿ ದಿನಾ ಅಂಜಿಕೋತ ಕುಂದ್ರೂದು ಬ್ಯಾಡ. ನೀ ಬಾಯಿ ಬಿಟ್ಟಿ ಅಂದ್ರ ನೋಡು!”

ನಾನು ಮಾತು ಕೊಟ್ಟೆ. ಯುಗಾದಿಯ ಕುಸ್ತಿಗೆ ಇನ್ನು ಒಂಬತ್ತು ದಿನ ಉಳಿದಿತ್ತು.

ನಮ್ಮಲ್ಲಿ ಒಂದು ಪದ್ಧತಿ. ಹಿಂದಿನ ವರ್ಷ ಗದೆ ಗೆದ್ದವನ ಕೈಯನ್ನು ಅವನ ಗರಡಿಯ ಗುರು, ಅಂದರೆ ವಸ್ತಾದರು, ಮೇಲೆತ್ತಿ ಹಿಡಿದು ಕಣದ ಸುತ್ತ ನಡೆಸುತ್ತಾರೆ. ಆ ಕೈಯನ್ನು ಮೊದಲು ಯಾರು ಹಿಡಿಯುತ್ತಾರೋ ಅವನೇ ಎದುರಾಳಿ. ಇನ್ನೊಬ್ಬರಿಗೆ ಅವಕಾಶವಿಲ್ಲ. ಆದರೆ ಒಂದೇ ಗರಡಿಯ ಮಣ್ಣು ಹಚ್ಚಿಕೊಂಡವರು ಒಬ್ಬರ ಕೈ ಒಬ್ಬರು ಹಿಡಿಯಬಾರದು. ಹಿಡಿದವನನ್ನು ನಾನಂತೂ ನೋಡಿರಲಿಲ್ಲ.

ಯುಗಾದಿಯ ದಿನ ಹೊಳೆಯಾಚೆಯಿಂದ ಕಂಬದಂಥ ಒಬ್ಬ ಬಂದಿದ್ದ. ನಮ್ಮ ವಸ್ತಾದ ಮೌಲಾಸಾಬರು ಅಡಿವೆಪ್ಪನ ಕೈ ಎತ್ತಿ ನಡೆಸುತ್ತ ಬಂದಂತೆ ಆ ಮನುಷ್ಯ ಅಂಗಿ ಬಿಚ್ಚಿ ಎದ್ದ. ಅವನು ಕಣಕ್ಕೆ ಕಾಲಿಡುವುದರೊಳಗೆ ನಾನು ಜಿಗಿದು ಆ ಕೈ ಹಿಡಿದುಬಿಟ್ಟೆ.

ಕಣದ ಸುತ್ತ ಕೂತವರೆಲ್ಲ ಎದ್ದು ನಿಂತರು. ಆಮೇಲೆ ಬೈಗುಳ ಶುರುವಾಯಿತು. ಮೌಲಾಸಾಬರು ನನ್ನ ಮುಖ ನೋಡಿದರು. “ಉಂಡ ಗಂಗಾಳಕ್ಕ ಕಾಲು ಇಟ್ಟೆಲ್ಲೋ,” ಎಂದು ಕಣದಿಂದ ಇಳಿದುಹೋದರು.

ತಲೆಗೆ ತಲೆ ಹಚ್ಚಿ ನಿಂತಾಗ ಅಡಿವೆಪ್ಪ ಹಲ್ಲು ಕಚ್ಚಿ ಕೇಳಿದ: “ಏನ್ ಮಾಡಾಕತ್ತಿ, ಹುಚ್ಚ?”

“ನಿನ್ನ ಕೆಡವಾಕ ಬಂದೀನಿ.”

“ನಿನ್ನ ಕೈಲೆ ಆಗೂದಿಲ್ಲ.”

“ಹನ್ನೊಂದು ವರ್ಷ ಬಿದ್ದೀನಿ. ನೀ ಯಾವ ಕಾಲು ಯಾವಾಗ ಇಡ್ತಿ ಅನ್ನೂದು ನಿನಗಿಂತ ನನಗ ಗೊತ್ತೈತಿ.”

ಅವನು ಸುಮ್ಮನೆ ಬೀಳುವವನಲ್ಲ. ಎರಡು ಸಲ ನನ್ನನ್ನು ಮೊಣಕಾಲಿಗೆ ತಂದ. ಮೂರನೆಯ ಸಲ ಅವನ ಉಸಿರು ತಪ್ಪಿದ್ದು ನನ್ನ ಕಿವಿಗೆ ಕೇಳಿತು. ನನ್ನ ಹಿಡಿತ ತಾನಾಗಿ ಸಡಿಲಾಯಿತು.

“ಸಡ್ಲ ಬಿಡಬ್ಯಾಡ,” ಎಂದ. “ಕೆಡವೋದಾದ್ರ ಖರೇನ ಕೆಡವು.”

ಕೆಡವಿದೆ. ಬೀಳುವಾಗ ಅವನ ತಲೆಯ ಕೆಳಗೆ ಕೈ ಇಟ್ಟೆ. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಅವನ ಬೆನ್ನನ್ನು.

ಗದೆಯನ್ನು ಕಣದಲ್ಲೇ ಬಿಟ್ಟು ಬಂದೆ. ಮರುದಿನ ನನ್ನ ಲಂಗೋಟಿ ಗರಡಿಯ ಬಾಗಿಲ ಹೊರಗೆ ಬಿದ್ದಿತ್ತು. ನಾನು ಎಣ್ಣೆ ಗಾಣದ ಕೆಲಸಕ್ಕೆ ಸೇರಿಕೊಂಡೆ. ಸೋತ ಪೈಲ್ವಾನನನ್ನು ಯಾರೂ ಕಣಕ್ಕೆ ಕರೆಯಲಿಲ್ಲ. ಅಡಿವೆಪ್ಪ ಗರಡಿಯ ಮಣ್ಣು ನೋಡಿಕೊಳ್ಳುವವನಾದ. ಮಜ್ಜಿಗೆ, ಅರಿಸಿನ, ಎಣ್ಣೆ ಹಾಕಿ ಮಣ್ಣು ಹದ ಮಾಡುವುದು. ದಣಿವಾದರೆ ಅದರ ಮೇಲೇ ಮಲಗುವುದು. ಮಣ್ಣಿಗೆ ಬೇಕಾದ ಎಣ್ಣೆ ಒಯ್ಯಲು ಗಾಣಕ್ಕೆ ಬಂದಾಗ ಗಂಟೆಗಟ್ಟಲೆ ನನ್ನ ಹತ್ತಿರ ಕೂರುತ್ತಿದ್ದ.

“ಜನರ ಮುಂದ ಖರೇ ಹೇಳಿಬಿಡ್ತೀನಿ,” ಎನ್ನುತ್ತಿದ್ದ.

“ಅವ್ವಗ ಗೊತ್ತಾಗ್ತೈತಿ. ಸುಮ್ಮನಿರು,” ಎನ್ನುತ್ತಿದ್ದೆ.

ಗುರುಬಸವ್ವ ನನ್ನೊಡನೆ ಮಾತು ಬಿಟ್ಟಳು. ಎದುರು ಸಿಕ್ಕರೆ ಸೆರಗು ಎಳೆದುಕೊಂಡು ಹೋಗುತ್ತಿದ್ದಳು. ಊರೆಲ್ಲ ಬೈದದ್ದನ್ನು ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಮಣ್ಣಿಗೆ ಮಜ್ಜಿಗೆ ಕಲಸಿ ಅದರ ಮೇಲೆ ಅಂಗಾತ ಮಲಗಿದ ಅಡಿವೆಪ್ಪ ಮತ್ತೆ ಏಳಲಿಲ್ಲ. ಆಗ ಅವನಿಗೆ ಇಪ್ಪತ್ತೆಂಟು.

ಮೈ ತೊಳೆಸಲು ಅವನನ್ನು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿದ್ದರು. ನಾನು ಬಾಗಿಲಲ್ಲೇ ನಿಂತೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಎದೆ ಚೊಕ್ಕಟವಾಗಿತ್ತು; ಬೆನ್ನ ತುಂಬ ಹಸಿ ಮಣ್ಣು. ಮೌಲಾಸಾಬರು ಬೆನ್ನಿಗೆ ನೀರು ಹಾಕಲು ಚೊಂಬು ಎತ್ತಿದರು. ಗುರುಬಸವ್ವ ಅವರ ಕೈ ತಡೆದಳು. ತಲೆಯೆತ್ತಿ ಜನರ ನಡುವೆ ನನ್ನನ್ನು ಹುಡುಕಿದಳು.

“ಬಾ ತಮ್ಮಾ, ಇಲ್ಲಿ ಬಾ.”

ಹೋಗಿ ಅವಳ ಪಕ್ಕ ಕೂತೆ.

“ನೀ ಕೆಡವಿದ ದಿನ ಇಲ್ಲೇ ಕುಂತಿದ್ದ,” ಎಂದಳು. “ದೊಡ್ಡವ ಆದಮ್ಯಾಲ ಮೊದಲನೇ ಸಲ ಅವನ ಬೆನ್ನು ತಿಕ್ಕಿದೆ. ಎದಿ ಬಡಕೊಳ್ಳೂದು ಬೆನ್ನಾಗ ನನ್ನ ಕೈಗೆ ಹತ್ತಿತು. ಅವರಪ್ಪಂದೂ ಹಂಗ ಇತ್ತು. ನೀ ಯಾಕ ಅವನ ಕೈ ಹಿಡಿದಿ ಅನ್ನೂದು ಅವತ್ತ ತಿಳೀತು.”

ಮೌಲಾಸಾಬರ ಕೈಯಲ್ಲಿನ ಚೊಂಬು ವಾಲಿ ನೀರು ಅವರ ಕಾಲ ಮೇಲೆ ಚೆಲ್ಲಿತು.

“ಮತ್ತ ಇಷ್ಟು ದಿನ ಮಾತ್ಯಾಕ ಬಿಟ್ಟಿ, ಅವ್ವಾ?” ಎಂದೆ.

“ನಿನ್ನ ಮಾತಾಡಿಸಿದ್ರ ನನಗ ಗೊತ್ತಾಗೇತಿ ಅಂತ ಅವಗ ತಿಳೀತಿತ್ತು. ಅಂವ ನನಗ ತಿಳೀಬಾರದು ಅಂತ ನಗಕೋತ ಇದ್ದ. ನಗಲಿ ಅಂತ ಬಿಟ್ಟೆ. ನಿನಗ ಭಾಳ ಅನ್ಯಾಯ ಮಾಡಿದೆ, ತಮ್ಮಾ.”

ಅವಳು ಮಗನ ಕಡೆ ತಿರುಗಿ, ಅವನ ಬೆನ್ನಿನ ಮೇಲೆ ಅಂಗೈ ಇಟ್ಟು, ಏನನ್ನೋ ಕೇಳಿಸಿಕೊಳ್ಳುವವಳಂತೆ ಬಹಳ ಹೊತ್ತು ಕೂತಳು.

“ಬೆನ್ನು ತೊಳೀಬ್ಯಾಡ್ರಿ. ಅದು ಇರಲಿ,” ಎಂದಳು ಕೊನೆಗೆ.

ಅವಳು ಕೈ ತೆಗೆದಾಗ ಆ ಹಸಿ ಮಣ್ಣಿನಲ್ಲಿ ಐದು ಬೆರಳು ಮೂಡಿದ್ದವು.