ಬೆಳ್ಳಗೆ ಕಂಡ ಬಾಳೆತೋಟ

ಶಿವರಾಮು ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕೂತು, ಉಪಗ್ರಹ ಕಳಿಸಿದ ರೇಡಾರ್ ಚಿತ್ರಗಳ ಮೇಲೆ ಹೊಳೆಯ ನೀರು ಎಲ್ಲೆಲ್ಲಿ ನುಗ್ಗಿದೆ ಎಂದು ಗುರುತು ಹಾಕುತ್ತಿದ್ದ. ಕೆಲಸ ದೊಡ್ಡದೇ, ಆದರೆ ಊರಿಗೆ ಬಂದಾಗ ಅದರ ಬಗ್ಗೆ ಅವನು ಬಿಡುತ್ತಿದ್ದ ಬುರುಡೆ ಅದಕ್ಕಿಂತ ದೊಡ್ಡದು. ಭೀಮನಬೀಡಿನ ಟೀ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, "ಮೋಡ ಇರ್ಲಿ, ಕತ್ಲೆ ಇರ್ಲಿ, ನಮ್ ಉಪಗ್ರಹದ ಕಣ್ ತಪ್ಪಿಸಿ ಒಂದ್ ಬೊಗಸೆ ನೀರೂ ಓಗಂಗಿಲ್ಲ ಕಣ್ರಲಾ" ಅನ್ನುತ್ತಿದ್ದ. ಆ ಉಪಗ್ರಹ ಯುರೋಪಿನವರದು, ಅದರ ಚಿತ್ರ ಕಚೇರಿ ಸೇರುವಷ್ಟರಲ್ಲಿ ನೀರಿಳಿದು ಜನ ಮತ್ತೆ ಬಿತ್ತನೆ ಮುಗಿಸಿರುತ್ತಾರೆ ಎಂಬ ಎರಡು ಸಣ್ಣ ಸಂಗತಿಗಳನ್ನು ಮಾತ್ರ ಟೀ ಜೊತೆ ನುಂಗಿಬಿಡುತ್ತಿದ್ದ.

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಅಣ್ಣ ಮಾದೇವ ಜಮೀನು ಪಾಲು ಮಾಡಿಕೊಳ್ಳೋಣ ಎಂದ. ಜಗಳವೇನೂ ಇರಲಿಲ್ಲ. ಅವ್ವ ಮರಿತಾಯಮ್ಮ ತನ್ನ ಕಣ್ಣೆದುರಿಗೇ ಆಗಿಹೋಗಲಿ ಎಂದಿದ್ದಳು, ಅಷ್ಟೆ. ಆ ಕಡೆಯ ಪದ್ಧತಿ ಪ್ರಕಾರ ಪಾಲು ಮಾಡುವವನು ಹಿರಿಯ, ಮೊದಲು ಆರಿಸಿಕೊಳ್ಳುವವನು ಕಿರಿಯ. ಹೊಳೆ ಪಕ್ಕದ ನೇಂದ್ರ ಬಾಳೆತೋಟ ಒಂದು ಪಾಲು, ತೋಟಕ್ಕೆ ಅಂಟಿಕೊಂಡ ಬಯಲು ಹೊಲ ಇನ್ನೊಂದು.

"ನೀನು ಒಲ ತಕ್ಕೋ ಶಿವ," ಎಂದ ಮಾದೇವ. "ಅಪ್ಪ ಆಸ್ಪತ್ರೇಲಿದ್ದಾಗ ವಳೆ ಬಂತಲ್ಲ, ಆಗ ತ್ವಾಟದೊಳಗೆ ಮೊಣಕಾಲುದ್ದ ನೀರು ನಿಂತ್ಬುಡ್ತು. ನಡುವೆ ದಪ್ಪ ಬದು ಅದಲ್ಲ, ಒಲಕ್ಕೆ ಬರ್ಲಿಲ್ಲ. ನೀನು ಮೈಸೂರಲ್ಲಿರೋನು, ನೀರು ಬಂದ್ರೆ ಓಡ್ಬರಕಾಯ್ತದಾ? ತ್ವಾಟ ನಂಗಿರ್ಲಿ ಬುಡು."

ಇಂಥ ಮಾತು ಕೇಳಿದರೆ ಯಾರಿಗಾದರೂ ಕಣ್ಣು ತುಂಬಿಬರಬೇಕು. ಶಿವರಾಮುವಿಗೆ ಬಂದದ್ದು ಅನುಮಾನ. ಗೊನೆ ಹೊತ್ತು ನಿಂತ ತೋಟ ತನಗಿರಲಿ, ಬೋಳು ಹೊಲ ತಮ್ಮನಿಗಿರಲಿ ಅಂತ ಅಣ್ಣ ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡ. ಆ ಪ್ರವಾಹದ ಚಿತ್ರ ಅವನ ಕಚೇರಿಯಲ್ಲೇ ಇತ್ತು! ಮಾರನೆಯ ವಾರ ಅದರ ಪ್ರತಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದ.

ಪಂಚಾಯ್ತಿಗೆ ಬಂದಿದ್ದ ಊರ ಹಿರಿಯ ಗಂಗಾಧರಸ್ವಾಮಿಗಳ ಮುಂದೆ ಅದನ್ನು ಹಾಸಿ, ಬೆರಳ ಉಗುರಿನಷ್ಟಿದ್ದ ಎರಡು ಕಲೆಗಳನ್ನು ತೋರಿಸಿದ. "ನೋಡಿ ಸ್ವಾಮಿ, ಇದ್ರಲ್ಲಿ ಕಪ್ಪಗಿರೋದು ನೀರು. ಒಲ ಕಪ್ಪಗದೆ. ತ್ವಾಟ ಬೆಳ್ಳಗೆ ಒಳೀತದೆ. ಅಂದ್ರೆ ನೀರು ನಿಂತಿದ್ದು ಒಲದಲ್ಲಿ, ತ್ವಾಟ ಒಣಗೇ ಇತ್ತು." ಆಮೇಲೆ ಅಣ್ಣನ ಕಡೆ ತಿರುಗಿ, "ಉಪಗ್ರಹಕ್ಕೆ ಸುಳ್ಳೇಳಕೆ ಬರಕಿಲ್ಲ ಕಣಣ್ಣ," ಎಂದ.

ಸ್ವಾಮಿಗಳು ಚಿತ್ರವನ್ನು ತಲೆಕೆಳಗು ಹಿಡಿದು ತಲೆದೂಗಿದರು. ಮಾದೇವನ ಮುಖ ಸಪ್ಪಗಾಯಿತು. "ಅವ್ನಿಗೆ ಬೇಕಾದ್ದು ಅವ್ನು ತಕ್ಕೊಳ್ಲಿ ಬುಡಿ," ಎಂದುಬಿಟ್ಟ. ಆದರೂ ತಮ್ಮನ ಪಾಲಿಗೆ ಹೋದ ತೋಟದ ಆರೈಕೆಯನ್ನು ತಾನೇ ಮುಂದುವರಿಸಿದ, ತನ್ನ ಹೊಲಕ್ಕೆ ಅರಿಶಿನ ಹಾಕಿದ. ಶಿವರಾಮು ಮಾತ್ರ ಉಡಿಗಾಲದ ಮಾವನ ಮನೆಗೆ ಹೋಗಿ, ತಾನು ಆಕಾಶದಿಂದ ಸಾಕ್ಷಿ ಇಳಿಸಿ ತೋಟ ಗೆದ್ದ ಕಥೆಯನ್ನು ಕೋಳಿ ಸಾರಿನ ಜೊತೆ ಎರಡೆರಡು ಸಲ ಬಡಿಸಿದ. ಹೆಂಡತಿ ಮೀನಾ, "ನಿಮ್ಮಣ್ಣ ಯಾಕ್ರೀ ನಿಮಗೆ ಸುಳ್ಳೇಳ್ತಾರೆ?" ಎಂದು ಕೇಳಿದ್ದಕ್ಕೆ, "ನಿಂಗಿದೆಲ್ಲ ಅರ್ಥ ಆಗಕಿಲ್ಲ ಸುಮ್ನಿರು," ಎಂದು ಬಾಯಿ ಮುಚ್ಚಿಸಿದ.

ಮುಂದಿನ ವರ್ಷ, ಅಂದರೆ ತೊಂಬತ್ತಾರರಲ್ಲಿ, ಕಚೇರಿಯವರು ಅವನನ್ನು ಹೈದರಾಬಾದಿಗೆ ತರಬೇತಿಗೆ ಕಳಿಸಿದರು. ಗೊತ್ತಿರುವುದನ್ನೇ ಕಲಿಸುತ್ತಾರೆ ಎಂದು ಶಿವರಾಮು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದ.

"ರೇಡಾರಿನ ಕಿರಣ ನಯವಾದ ನೀರಿನ ಮೇಲೆ ಜಾರಿ ಆಚೆ ಹೋಗುತ್ತದೆ, ವಾಪಸು ಬರುವುದಿಲ್ಲ. ಅದಕ್ಕೇ ನೀರು ಕಪ್ಪು," ಎಂದರು ಪಾಠ ಮಾಡುವವರು. "ಆದರೆ ಹಲಗೆ ಹೊಡೆದು ನುಣ್ಣಗೆ ಮಾಡಿದ ಒಣ ಹೊಲವೂ ಕಪ್ಪಗೆ ಕಾಣಬಹುದು. ಇನ್ನು ನಿಂತ ನೀರಿನಲ್ಲಿ ಗಿಡಗಳ ಕಾಂಡ ಇದ್ದರೆ, ಕಿರಣ ನೀರಿಗೆ ಬಡಿದು, ಕಾಂಡಕ್ಕೆ ಬಡಿದು, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆಗ ಪ್ರವಾಹವೇ ಬೆಳ್ಳಗೆ ಹೊಳೆಯುತ್ತದೆ. ಅದನ್ನು ನೋಡಿ ಒಣ ನೆಲ ಅಂತ ಬರೆಯುವ ಪುಣ್ಯಾತ್ಮರೂ ಇದ್ದಾರೆ."

ಕ್ಲಾಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಶಿವರಾಮು. ನಗು ಅರ್ಧಕ್ಕೆ ಬಂದಾಗ ಆ ಪುಣ್ಯಾತ್ಮ ಯಾರೆಂದು ಹೊಳೆದು, ತೆರೆದ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಆ ಪ್ರವಾಹ ಬಂದದ್ದು ಅಪ್ಪನ ಹೊಲವನ್ನು ಹಲಗೆ ಹೊಡೆದು ಹಸನು ಮಾಡಿಟ್ಟಿದ್ದ ಕಾಲದಲ್ಲಿ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುವುದು ಅವ್ವನಿಗೂ ಗೊತ್ತಿತ್ತು. ಥೂ ನಿನ್ನ ಜಲ್ಮಕ್ಕಿಷ್ಟು, ಸಂಬಳ ಬೇರೆ ತಗೋತೀಯಲ್ಲೋ, ಎಂದು ತನಗೆ ತಾನೇ ಉಗಿದುಕೊಂಡ. ತೋಟ ಹೋದರೆ ಹೋಗಲಿ, ಪಂಚಾಯ್ತಿ ನಡುವೆ ಒಡಹುಟ್ಟಿದವನನ್ನು ಸುಳ್ಳ ಅಂದುಬಿಟ್ಟಿದ್ದ.

ಅವನು ಮೈಸೂರಿಗೆ ಮರಳುವ ಹೊತ್ತಿಗೆ ಹಿಂಗಾರು ಜಡಿ ಹಿಡಿದಿತ್ತು. ಊರಿನ ಬಸ್ಸು ಹತ್ತಿ, ಗುಂಡ್ಲುಪೇಟೆವರೆಗೂ ಅಣ್ಣನಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ. ಎಷ್ಟು ಸಲ ಹೇಳಿಕೊಂಡರೂ ಅದರಲ್ಲಿ ತನ್ನ ತಪ್ಪಿಗಿಂತ ರೇಡಾರಿನ ತಪ್ಪೇ ಜಾಸ್ತಿ ಆಗುತ್ತಿತ್ತು. ಮನೆಯಲ್ಲಿ ಅವ್ವ, "ತ್ವಾಟಕ್ಕೆ ನೀರು ನುಗ್ಬುಟ್ಟದೆ ಕಣಪ್ಪ, ನಿಮ್ಮಣ್ಣ ಬೆಳಗಿಂದ ಅಲ್ಲೇ ಅವನೆ," ಎಂದಳು.

ಬದುವಿನ ಮೇಲೆ ನಿಂತು ನೋಡಿದ. ಬಾಳೆಯ ನಡುವೆ ಮೊಣಕಾಲುದ್ದ ನೀರು, ಅಣ್ಣ ಹೇಳಿದಷ್ಟೇ. ಮಾದೇವ ನಡುವಿನ ಬದು ಒಡೆದು, ಗುದ್ದಲಿ ಹಿಡಿದು ಕಾಲುವೆ ತೆಗೆಯುತ್ತಿದ್ದ. ಕಾಲುವೆ ಹೋಗುತ್ತಿದ್ದದ್ದು ಅವನದೇ ಹೊಲದ ನಟ್ಟನಡುವೆ, ಸೊಂಟದೆತ್ತರ ಬೆಳೆದ ಈ ವರ್ಷದ ಅರಿಶಿನವನ್ನು ಸೀಳಿಕೊಂಡು. ತಮ್ಮನ ತೋಟದ ನೀರೆಲ್ಲ ಅಣ್ಣನ ಬೆಳೆಯ ಮೇಲೆ ಹರಿಯುತ್ತಿತ್ತು.

"ಅಣ್ಣೋ, ಅರಿಶಿನ ಕೊಳ್ತೋಯ್ತದೆ!"

"ಬಾಳೆ ಬುಡ ಕೊಳ್ತ್ರೆ ತ್ವಾಟಾನೇ ಓಯ್ತದೆ ಕಣ್ಲಾ. ಇದು ಒಂದ್ ಬೆಳೆ ತಾನೆ," ಎಂದ ಮಾದೇವ, ತಲೆ ಎತ್ತದೆ.

"ನಂಗೊಂದು ಮಾತು ಏಳಿ ಕಳಿಸ್ಬಾರದಿತ್ತಾ?"

"ಕಳಿಸಿದ್ರೆ ನಂಬ್ತಿದ್ಯಾ?"

ಅದರಲ್ಲಿ ಕುಹಕವಿದ್ದಿದ್ದರೆ ಶಿವರಾಮು ತಡೆದುಕೊಳ್ಳುತ್ತಿದ್ದ. ಇರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಪ್ಯಾಂಟಿನಲ್ಲೇ ಕೆಸರಿಗಿಳಿದು ಅಣ್ಣನ ಕೈ ಹಿಡಿದುಕೊಂಡ.

"ತಪ್ಪಾಯ್ತಣ್ಣ. ಆ ಚಿತ್ರಾನೂ ನಿನ್ ಮಾತ್ನೇ ಏಳಿತ್ತು. ಬೆಳ್ಳಗಿದ್ದದ್ದೇ ನೀರಂತೆ. ಅದ ಓದಕ್ ಬರ್ದಿದ್ದ ದಡ್ಡ ನಾನು. ನೀನೇಳಿದ್ದು ನಿಜ ಅಂತ ಹೈದ್ರಾಬಾದ್ನಲ್ಲಿ ಗೊತ್ತಾಯ್ತು."

ಮಾದೇವ ಕೈ ಬಿಡಿಸಿಕೊಳ್ಳಲಿಲ್ಲ. ತಮ್ಮನ ಮುಖವನ್ನೇ ನೋಡಿ, "ಈಗ್ಲೂ ಚಿತ್ರ ಏಳಿದ್ಮೇಲೇ ನಂಬ್ದೆ ಅನ್ನು," ಎಂದ.

ಅಣ್ಣ ಮತ್ತೆ ಗುದ್ದಲಿ ಎತ್ತಿದ. ಅವನು ಕಡಿದ ಅರಿಶಿನದ ಗಿಡಗಳನ್ನು ಶಿವರಾಮು ಒಂದೊಂದಾಗಿ ಎತ್ತಿ ಬದುವಿನ ಮೇಲೆ ಇಡತೊಡಗಿದ.